ಲವೀನಿಯಾಳ ಇಳಿಜಾರಿಗೆ ಬಿಸಿಲು ಬಂದದ್ದು

2016, ಏಪ್ರಿಲ್ 11

ಯುದ್ಧ! ಇಂದಿನಿಂದ ಯುದ್ಧ! ಈ ಪುಟದ ಮೇಲಾಣೆ!

ಪಾತ್ರ ಪ್ರವೇಶ: ಎಲ್‌ವುಡ್. ನನ್ನ ಹೆಂಡತಿ ಲವೀನಿಯಾಳ ತಮ್ಮ, ಕಾಡು ಸವರುವ ತಂಡದ ಯಜಮಾನ. ಹಿಂಬಾಗಿಲಿನಿಂದ ಬಂದ, ಬೂಟು ಬಿಚ್ಚದೆ ಬಂದ. ಕೈಯಲ್ಲೊಂದು ಹೆಮ್ಲಾಕ್ ಮರದ ಕೊಂಬೆ. ಅದರ ಸೂಜಿ ಎಲೆಗಳಿಗೆಲ್ಲ ಮುತ್ತು ಪೋಣಿಸಿದ ಹಾಗೆ ಹೆರಿಂಗ್ ಮೀನಿನ ಮೊಟ್ಟೆ, ಸಮುದ್ರದಿಂದ ಆಗಷ್ಟೇ ಎತ್ತಿದ್ದು. ಅದು ಲಂಚವೆಂದು ನನಗೆ ಆಗಲೇ ಹೊಳೆಯಬೇಕಿತ್ತು.

"ಬಾವ, ಅಕ್ಕನ ಹೆಸರಿನ ಔತಣ ಬರೋ ವರ್ಷ ಬೇಡ, ಅದರಾಚೆ ವರ್ಷ ಅಕ್ಟೋಬರಲ್ಲಿ ಅಂತ ನಮ್ಮೋರೆಲ್ಲ ಮಾತಾಡ್ಕೊಂಡಿದೀವಿ."

ಮೊಟ್ಟೆ ತಿನ್ನುತ್ತ ತಲೆಯಾಡಿಸಿದೆ. ಅದು ಅವರ ಕೆಲಸ, ನನ್ನದಲ್ಲ. ನಮ್ಮ ಬುಡಕಟ್ಟಿನ ಎರಡು ಬಳಿಗಳಲ್ಲಿ ಲವೀನಿಯಾ ಕಾಗೆಯ ಕಡೆಯವಳು, ನಾನು ಹದ್ದಿನ ಕಡೆಯವನು. ಸಾವಿನ ಮನೆಯವರು ತಮ್ಮ ಕೆಲಸ ತಾವು ಮಾಡಬಾರದು. ಈ ಜನವರಿಯಲ್ಲಿ ಪೆಟ್ಟಿಗೆ ಮಾಡಿ, ಹೆಪ್ಪುಗಟ್ಟಿದ ನೆಲ ಅಗೆದು ಅವಳನ್ನು ಮಲಗಿಸಿದವರು ನಮ್ಮ ಹದ್ದಿನವರು. ಅದಕ್ಕೆ ಪ್ರತಿಯಾಗಿ ಕಾಗೆಯವರು ಒಂದು ದಿನ ನಮ್ಮನ್ನು ಕೂರಿಸಿ, ಅವಳಿಗೆ ಇಷ್ಟವಾದದ್ದನ್ನು ಬೆಂಕಿಗೆ ಹಾಕಿ, ಅದನ್ನೇ ನಮಗೆ ಬಡಿಸಬೇಕು. ನಾವು ತಿಂದದ್ದು ಅವಳನ್ನು ಮುಟ್ಟುತ್ತದೆ.

"ಅಕ್ಕಂಗೆ ಬ್ಲೂಬೆರಿ ಅಂದ್ರೆ ಪ್ರಾಣ," ಎಂದ ಎಲ್‌ವುಡ್. "ಅದೂ ಅವಳ ಇಳಿಜಾರಿಂದೇ ಆಗ್ಬೇಕು, ಅಂಗಡೀದು ನಡಿಯಲ್ಲ. ಅದಕ್ಕೇ ಈ ಬೇಸಿಗೇಲಿ ಅಲ್ಲಿ ಎಡೆ ಬಿಡಿಸ್ತೀವಿ. ಮೂರು ಮರ ಇದ್ದಲ್ಲಿ ಎರಡು ತೆಗೀತೀವಿ. ನೆಲಕ್ಕೆ ಬಿಸಿಲು ಬೀಳ್ಲಿ."

ಕೊಂಬೆ ಕೆಳಗಿಟ್ಟೆ. ಎದ್ದೆ. ಕುರ್ಚಿ ತಾನಾಗಿ ಹಿಂದಕ್ಕೆ ಬಿತ್ತು.

"ಎಲೈ ಎಲ್‌ವುಡ್! ಆ ಇಳಿಜಾರಿನ ಒಂದೇ ಒಂದು ಕೊಂಬೆ ಅಲುಗಿದರೂ ನಿನ್ನ ಗರಗಸವನ್ನು ನಿನ್ನ ಕೊರಳಿಗೇ ಹಾರ ಹಾಕಿಬಿಟ್ಟೇನು!"

"ಬಾವ, ಕ್ರಿಸ್‌ಮಸ್ಸಿಗೆ ಇನ್ನೂ ಬೇಕಾದಷ್ಟು ದಿನ ಇದೆ," ಎಂದು ಅವನು ಕುರ್ಚಿ ಎತ್ತಿ ನಿಲ್ಲಿಸಿ ಹೊರಟುಹೋದ.

ಚರ್ಚಿನ ಕ್ರಿಸ್‌ಮಸ್ ನಾಟಕದಲ್ಲಿ ನಾನು ಕೂಸುಗಳನ್ನು ಕೊಲ್ಲಿಸುವ ಹೆರೋದ ರಾಜ. ಊರಿನವರಿಗೆ ನನ್ನ ಸಿಟ್ಟಿನ ಜೊತೆ ಯಾವಾಗಲೂ ಕಿರೀಟವೂ ಕಾಣುತ್ತದೆ. ನಿಜವಾದ ಸಿಟ್ಟು ಬಂದರೆ ಯಾರೂ ನಂಬುವುದಿಲ್ಲ.

ಏಪ್ರಿಲ್ 14

ಇಳಿಜಾರಿಗೆ ಹೋಗಿದ್ದೆ. ಬಗ್ಗಿಕೊಂಡೇ ನಡೆಯಬೇಕು. ಮರಗಳು ಜಾತ್ರೆಯ ಜನದ ಹಾಗೆ ಭುಜಕ್ಕೆ ಭುಜ ಒತ್ತಿ ನಿಂತಿವೆ, ಅರ್ಧ ಹೆಮ್ಲಾಕು, ಅರ್ಧ ಸ್ಪ್ರೂಸು. ಹಗಲಲ್ಲೂ ಟಾರ್ಚು ಬೇಕು. ಕೆಳಗೆ ಬರೀ ಒಣ ಸೂಜಿ. ಜಿಂಕೆಯ ಹೆಜ್ಜೆ ಇಲ್ಲ, ಹಕ್ಕಿಯ ದನಿ ಇಲ್ಲ. ನನ್ನ ಕೆಮ್ಮು ನನಗೇ ಪರರದು ಅನ್ನಿಸಿತು.

ನಾವು ಮದುವೆಯಾದ ಹೊಸದರಲ್ಲಿ ಇಲ್ಲಿನ ಹಳೆಯ ಕಾಡನ್ನು ಪೂರ್ತಿ ಬೋಳು ಮಾಡಿದ್ದರು. ಬೋಳಾದ ಜಾಗಕ್ಕೆ ಬ್ಲೂಬೆರಿ ನುಗ್ಗಿತು. ಆಹಾ, ಆ ಬೇಸಿಗೆಗಳು! ಲವೀನಿಯಾ ಬಕೆಟ್ಟಿನ ಮೇಲೆ ಬಕೆಟ್ಟು ತುಂಬಿಸಿ ಹಲ್ಲೆಲ್ಲ ನೀಲಿ ಮಾಡಿಕೊಂಡು ಇಳಿದು ಬರುತ್ತಿದ್ದಳು. ಆಮೇಲೆ ಮರದ ಮರಿಗಳು ಎದ್ದವು, ಮೊದಲು ಮೊಣಕಾಲು, ನಂತರ ಭುಜ, ಕೊನೆಗೆ ಆಕಾಶವನ್ನೇ ಮುಚ್ಚಿದವು. ಕೆಳಗಿನದೆಲ್ಲ ಉಸಿರುಗಟ್ಟಿತು. ಕೊನೆಯ ವರ್ಷಗಳಲ್ಲಿ ಅವಳಿಗೆ ಉಳಿದದ್ದು ತೊರೆಯ ಪಕ್ಕದ ಒಂದೇ ಪೊದೆ. ಬಿದ್ದ ಮರವೊಂದರ ಮೇಲಿನ ಕಿಂಡಿಯಿಂದ ಅಲ್ಲಿಗೆ ಸ್ವಲ್ಪ ಬೆಳಕು ಇಳಿಯುತ್ತದೆ. ವರ್ಷಕ್ಕೆ ಒಂದು ಬಟ್ಟಲು ಹಣ್ಣು.

ಆ ಪೊದೆ ಈಗಲೂ ಇದೆ. ಕೆಂಪು ಮೊಗ್ಗು ಹಿಡಿದಿದೆ.

ಎಡೆ ಬಿಡಿಸಿದಲ್ಲಿ ಏನಾಗುತ್ತದೆ ಎಂದು ನಾನು ನೋಡಿದ್ದೇನೆ. ಕಡಿದ ಮರಗಳನ್ನು ಹೊತ್ತು ತರುವುದಿಲ್ಲ, ಅಲ್ಲೇ ಬಿಡುತ್ತಾರೆ. ಎದೆಯೆತ್ತರದ ಕೊಂಬೆ ರಾಶಿ. ಅದರಡಿ ಸಿಕ್ಕ ಪೊದೆಗೆ ಯಾವ ಗತಿ? ಅವಳದೆಂದು ಇನ್ನೂ ಜೀವ ಹಿಡಿದಿರುವುದು ಭೂಮಿಯ ಮೇಲೆ ಇದೊಂದೇ.

ಜೂನ್ 20

ಸೋತೆ. ಗರಗಸಗಳು ಬಂದಿವೆ. ಜಾಗ ಕಾಗೆಯವರದು, ಮಾತು ಅವರದೇ ನಡೆಯಬೇಕು.

ಮೊದಲ ಮರ ಬೀಳುವ ಮುಂಚೆ ನಾನು ಹೋಗಿ ಪೊದೆಯ ಮುಂದೆ ಎರಡೂ ಕೈ ಚಾಚಿ ನಿಂತೆ. ಎಲ್‌ವುಡ್ ಗರಗಸ ಆರಿಸಿ ಟೋಪಿ ತೆಗೆದ.

"ಸರಿ ಬಾವ, ಇಲ್ಲೇ ನಿಂತ್ಕೊಂಡು ಕೂಗಾಡೋ ಬದ್ಲು ಒಂದು ಕೆಲಸ ಮಾಡ್ತೀಯಾ? ಈ ಪೊದೆ ಸುತ್ತ ಕಡಿಯೋವಾಗ ಮರ ಯಾವ ಕಡೆ ಬೀಳ್ಬೇಕು ಅಂತ ನೀನೇ ಹೇಳು. ಬಿದ್ದ ಕೊಂಬೆ ನೀನೇ ಎಳ್ದು ಹಾಕು. ಇಡೀ ಗುಡ್ಡ ನನ್ನಿಂದ ಆಗಲ್ಲ, ಇಷ್ಟು ಜಾಗ ನಿಂದು."

"ನನ್ನ ಸೊಂಟ ನೋಡಿದ್ದೀಯಾ?"

"ನೋಡಿದೀನಿ. ಗಂಟಲಿಗಿಂತ ಚೆನ್ನಾಗಿದೆ."

ಇಡೀ ದಿನ ಕೊಂಬೆ ಎಳೆದೆ. ಕೈಯೆಲ್ಲ ಅಂಟು. ಸಂಜೆ ಕಾಫಿಯ ಲೋಟ ಕೈಬಿಟ್ಟು ಬರಲಿಲ್ಲ.

ಜೂನ್ 23

ಎಳೆದೆ. ಮಲಗಿದೆ.

ಜೂನ್ 30

ಕೆಲಸ ಮುಗಿಯಿತು. ಮೇಲಿನ ಇಳಿಜಾರಿನಲ್ಲಿ ರಾಶಿ ನನ್ನೆದೆಗೆ ಬರುತ್ತದೆ. ಜಿಂಕೆಯಲ್ಲ, ಭೂತವೂ ದಾಟಲಾರದು. ಅಲ್ಲಿ ಇನ್ನು ಹುಲ್ಲೂ ಹುಟ್ಟುವುದಿಲ್ಲ, ಬರೆದಿಡುತ್ತೇನೆ. ಪೊದೆಯ ಸುತ್ತ ಮಾತ್ರ ನಾನು ಗುಡಿಸಿದ ಅಂಗಳ.

ಮೇಲೆ ನೋಡಿದರೆ ಆಕಾಶ. ಎಷ್ಟೋ ವರ್ಷದಿಂದ ಇಲ್ಲದ ಆಕಾಶ. ಕಣ್ಣು ಕುಕ್ಕಿತು, ತಲೆ ಬಗ್ಗಿಸಿಕೊಂಡೆ.

ಜುಲೈ 19

ಪೊದೆಯ ಎಲೆಗಳು ಕೆಂಪಾಗಿ ಸುರುಟಿಕೊಂಡಿವೆ. ನೆರಳಲ್ಲಿ ಬೆಳೆದದ್ದಕ್ಕೆ ಒಮ್ಮೆಲೇ ಬಿಸಿಲು. ಹಣ್ಣು ಬಲಿಯದೆ ಉದುರಿದೆ.

ಜುಲೈ 20

ಕೊಂದರು.

ಡಿಸೆಂಬರ್ 25

ಈ ಸಲ ಹೆರೋದನಾಗಲಿಲ್ಲ. ಪಾದ್ರಿ ಎರಡು ಸಲ ಬಂದು ಕೇಳಿದರು. ಗಂಟಲು ಸರಿಯಿಲ್ಲ ಎಂದೆ.

ಗಂಟಲು ಸರಿಯಾಗಿದೆ. ಪರದೆಯ ಹಿಂದೆ ಮಾತು ಎತ್ತಿಕೊಡುವವಳು ಇಲ್ಲ. ಅಷ್ಟು ವರ್ಷ ನಾನು ಗರ್ಜಿಸಿದ ಪ್ರತಿಯೊಂದು ಮಾತನ್ನೂ ಮೊದಲು ಅವಳು ಪಿಸುಗುಟ್ಟಿದ್ದಳು. ನಾನು ಮರೆತದ್ದಕ್ಕಲ್ಲ. ಮರೆತೇನೆಂಬ ನನ್ನ ಭಯಕ್ಕೆ.

ಮೀನಿನ ಕಾರ್ಖಾನೆಯ ಹೊಸ ಮೇಲ್ವಿಚಾರಕ ಆ ಪಾತ್ರ ಮಾಡಿದನಂತೆ. ಕಡಲಹಕ್ಕಿ ಕೂಗಿದ ಹಾಗಿತ್ತಂತೆ. ಒಣಮೀನು, ಗಟ್ಟಿ ಬಿಸ್ಕತ್ತು ತಿಂದು ಮಲಗುತ್ತೇನೆ.

2017, ಮೇ 29

ಥಿಯಾ ಬಂದು ಬಾಗಿಲು ತಟ್ಟಿದಳು. ಲವೀನಿಯಾಳ ತಂಗಿಯ ಮಗಳು, ಜೂನೋ ಪಟ್ಟಣದ ಕಾಲೇಜಿನಲ್ಲಿ ಸಸ್ಯಗಳ ಓದು. "ದೊಡ್ಡಪ್ಪ, ಇಳಿಜಾರಿಗೆ ಹೋಗ್ತಿದೀನಿ, ದೋಣಿ ನಡ್ಸೋಕೆ ಬಾ." ದೋಣಿ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಆದರೂ ಹೋದೆ. ಕಳೆದ ಬೇಸಿಗೆಯಿಂದ ಆ ದಿಕ್ಕಿಗೆ ಹೋಗಿರಲಿಲ್ಲ.

ಅವಳ ಕೈಯಲ್ಲಿ ಬಿಳಿ ಕೊಳವೆಯ ಒಂದು ಚೌಕಟ್ಟು, ಗಾಜಿಲ್ಲದ ಕಿಟಕಿಯಂತೆ. ಅದನ್ನು ನೆಲಕ್ಕಿಟ್ಟು ಒಳಗೆ ಹುಟ್ಟಿದ್ದನ್ನೆಲ್ಲ ಒಂದೊಂದಾಗಿ ಗುರುತಿಸುತ್ತಾಳೆ. ಹೋದ ವರ್ಷ ಕಡಿಯುವ ಮುಂಚೆಯೂ ಅದೇ ಜಾಗಗಳಲ್ಲಿ ಇಟ್ಟಿದ್ದಳಂತೆ. ಆಗ ದಾರದಂಥ ಒಂದಷ್ಟು ಕಡ್ಡಿ ಬಿಟ್ಟರೆ ಬರೆದುಕೊಳ್ಳಲು ಏನೂ ಇಲ್ಲದೆ ಊಟದ ಹೊತ್ತಿಗೆ ಮನೆಗೆ ಹೋದಳಂತೆ.

"ದೊಡ್ಡಪ್ಪ, ಕಾಲೆತ್ತು."

"ಏಕೆ?"

"ನನ್ನ ವಿದ್ಯಾಭ್ಯಾಸದ ಮೇಲೆ ನಿಂತಿದೀಯ."

ಕಾಲೆತ್ತಿದೆ. ಬೂಟಿನಡಿ ಗೇಣುದ್ದವೂ ಇಲ್ಲದ ಗಿಡ, ನಾಲ್ಕು ಬಿಳಿ ದಳ. ಪಕ್ಕದಲ್ಲಿ ಐದೆಲೆಯ ಬಳ್ಳಿ. ಸುರುಳಿ ಬಿಚ್ಚುತ್ತಿರುವ ಜರಿಗಿಡ. ದೆವ್ವದ ದೊಣ್ಣೆ ಎಂಬ ಮುಳ್ಳು ಮೈಯ ಗಿಡ, ಅದೂ ಮರಿ, ಕೋಪ ಮಾತ್ರ ದೊಡ್ಡವರದು. ಎಲ್ಲಿಂದ ಬಂತು ಈ ನಟವರ್ಗ? ರಂಗ ಖಾಲಿಯಿತ್ತಲ್ಲ!

ತೊರೆಯ ಹತ್ತಿರ ಹೋಗಲು ಮನಸ್ಸಾಗಲಿಲ್ಲ. ಥಿಯಾ ಹೋದಳು. ಅಲ್ಲಿಂದಲೇ ಕೂಗಿದಳು: "ದೊಡ್ಡಪ್ಪ! ಬುಡದಿಂದ ಚಿಗುರಿದೆ!"

ಓಡಿಹೋಗಿ ಕೈ ಚಾಚಿ ಮುಟ್ಟಿದೆ. ಈ ಸಲದ ಎಲೆ ಬೇರೆ. ದಪ್ಪ, ಗಟ್ಟಿ. ಬಿಸಿಲಿಗೆಂದೇ ಹೊಲಿಸಿಕೊಂಡ ಹಾಗೆ.

ಹೋಲಿಸಿ ನೋಡಲೆಂದು ಅಂಚಿನಲ್ಲಿ ಒಂದು ತುಂಡು ಕಾಡನ್ನು ಕಡಿಯದೆ ಬಿಟ್ಟಿದ್ದಾರೆ. ಬರುವಾಗ ಅದರೊಳಗೆ ಇಣುಕಿದೆ. ಸೂಜಿ, ಕತ್ತಲು. ಬೇಗ ಹೊರಗೆ ಬಂದೆ.

ಜೂನ್ 18

ಹೊಸ ಶತ್ರು! ಹೆಮ್ಲಾಕಿನ ಶಿಶುಗಳು! ಬೆಳಕು ಬಿದ್ದಲ್ಲೆಲ್ಲ ಬೆರಳೆತ್ತರದ ಸೈನ್ಯ. ಬಿಟ್ಟರೆ ಇನ್ನೊಂದಷ್ಟು ವರ್ಷಕ್ಕೆ ಮತ್ತೆ ಅದೇ ಕತ್ತಲು. ಥಿಯಾ ಹೇಳುತ್ತಾಳೆ, ಕೆಲವು ಕಡೆ ಎಡೆ ಬಿಡಿಸಿದ್ದರ ಲಾಭವೆಲ್ಲ ಇವಕ್ಕೇ ಹೋಗಿ, ಹೂವು ಹಣ್ಣಿನ ಗಿಡಕ್ಕೆ ಏನೂ ಉಳಿದಿಲ್ಲವಂತೆ.

ಮಂಡಿಯೂರಿ ಕೀಳತೊಡಗಿದೆ. ಪ್ರತಿಯೊಂದಕ್ಕೂ ಹೆರೋದನ ಆಜ್ಞೆ: "ಎಲೈ ಕೂಸೇ, ನಿನಗಿನ್ನು ಈ ರಾಜ್ಯದಲ್ಲಿ ಜಾಗವಿಲ್ಲ!" ಒಳ್ಳೇ ಹುರುಪು ಬಂತು. ಹಾಗೇ ಕೀಳುತ್ತ ಥಿಯಾಳ ಚೌಕಟ್ಟಿನೊಳಗೇ ನುಗ್ಗಿಬಿಟ್ಟಿದ್ದೆ.

"ಅಯ್ಯೋ! ನನ್ನ ಚೌಕ! ಅದರೊಳಗಿಂದ್ಯಾಕೆ ಕಿತ್ತೆ? ಅದನ್ನ ಮುಟ್ಟಬಾರ್ದು, ಅದಾಗೇ ಏನಾಗುತ್ತೆ ನೋಡ್ಬೇಕು!"

"ನಾನೂ ಅದಾಗೇ ಆಗುವುದರಲ್ಲಿ ಸೇರಿಲ್ಲವೇ?"

ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಥೇಟ್ ಅವಳ ದೊಡ್ಡಮ್ಮ. ಮತ್ತೆ ಇಬ್ಬರೂ ನಕ್ಕೆವು. ಆ ಚೌಕದ ಲೆಕ್ಕದಲ್ಲಿ "ದೊಡ್ಡಪ್ಪ ತಿಂದದ್ದು" ಎಂದು ಬರೆದುಕೊಂಡಳು.

2018, ಆಗಸ್ಟ್ 6

ತೆರೆ ಏಳಲಿ! ವಾದ್ಯ ಮೊಳಗಲಿ!

ಹಣ್ಣು! ತೊರೆಯ ಪಕ್ಕದ ಪೊದೆ, ಅದರ ಸುತ್ತ ಎದ್ದ ಹೊಸ ಗಿಡಗಳು, ನಾನು ಗುಡಿಸಿದ ಅಂಗಳ ಪೂರ್ತಿ ನೀಲಿ. ಕರಡಿ ಬಂದು ತಿಂದೀತೆಂದು ಒಂದು ಕ್ಷಣವೂ ತಡಮಾಡಲಿಲ್ಲ. ಅವಳ ಹಳೆಯ ಬಕೆಟ್ಟು ತಂದಿದ್ದೆ. ಪ್ರತಿಯೊಂದು ಹಣ್ಣನ್ನೂ ಬಿಡಿಸಿದೆ. ಒಂದನ್ನೂ ಬಾಯಿಗೆ ಹಾಕಲಿಲ್ಲ. ಅವಳು ಹೋದ ಮೇಲೆ ಬ್ಲೂಬೆರಿ ತಿಂದಿಲ್ಲ.

ನಾಳೆ ಎಲ್‌ವುಡ್‌ಗೆ ಕೊಡುತ್ತೇನೆ. ಅಕ್ಟೋಬರಿನಲ್ಲಿ ಬೆಂಕಿಗೆ ಬೀಳುವುದು ನನ್ನ ಕೈಯ ಹಣ್ಣು. ಅವಳಿಗೆ ಮುಟ್ಟುವುದು ನನ್ನ ಕೈಯ ಹಣ್ಣು!

ಆಗಸ್ಟ್ 7

ಮಹಾಪ್ರಮಾದ.

ಎಲ್‌ವುಡ್ ಅಂಗಳದಲ್ಲಿ ಮೀನು ಸೀಳುತ್ತಿದ್ದ. ಬಕೆಟ್ಟನ್ನು ಅವನ ಮುಂದಿಟ್ಟು, ಕೈ ಬೀಸಿ, "ಇಗೋ ನಿನ್ನಕ್ಕನ ಪಾಲು!" ಎಂದೆ. ಅವನು ನೋಡಿದ. ಚೂರಿ ಕೆಳಗಿಟ್ಟ. ನಗುತ್ತಾನೆ ಅಂದುಕೊಂಡೆ.

"ಯಾರು ಬಿಡ್ಸಿದ್ದು?"

"ನಾನೇ! ಒಬ್ಬನೇ!"

"ಬಾವ, ನೀನು ಯಾವ ಕಡೆಯೋನು?"

ಬೀಸಿದ ಕೈಯನ್ನು ಕೆಳಗಿಳಿಸಿದೆ.

"ಮೀನು ತಂದ್ಕೊಡು, ಕಟ್ಟಿಗೆ ತಂದ್ಕೊಡು, ಬೇಡ ಅನ್ನಲ್ಲ. ಆದ್ರೆ ಅವಳ ಹೆಸರಿನ ಬಟ್ಟಲು ನಮ್ಮ ಕೈಯಿಂದ ನಿನ್ನ ಕೈಗೆ ಬರ್ಬೇಕು. ನೀನೇ ಬಿಡ್ಸಿ ನೀನೇ ತಿಂದ್ರೆ ಅದು ಔತಣವಾ? ನಿನ್ನ ಕಣ್ಣೀರು ಒರ್ಸೋಕೆ ನಾವು ಕರೆದ್ರೆ ಟವಲ್ಲು ಮನೆಯಿಂದ ನೀನೇ ತರ್ತೀಯಾ?"

ಗೊತ್ತಿತ್ತು. ಮಾತು ಬಂದಾಗಿನಿಂದ ಗೊತ್ತಿರುವ ನಿಯಮ. ಎಷ್ಟು ಜನ ಗಂಡಂದಿರನ್ನು, ಹೆಂಡತಿಯರನ್ನು ನಾನೇ ತಡೆದಿದ್ದೇನೆ, "ನೀನು ಕೂತುಕೋ, ಇದು ಅವರ ಕೆಲಸ" ಎಂದು. ಪೊದೆಯ ಮುಂದೆ ಬಗ್ಗಿ ಬಗ್ಗಿ, ನಾನು ಅತಿಥಿ ಎಂಬುದೇ ಮರೆತುಹೋಗಿತ್ತು.

"ಅಲ್ಲೇನೂ ಉಳಿದಿಲ್ಲ, ಎಲ್‌ವುಡ್," ಎಂದೆ. "ಒಂದು ಕಾಯಿಯನ್ನೂ ಬಿಟ್ಟಿಲ್ಲ."

ಅವನು ಬಕೆಟ್ಟನ್ನು ನನ್ನ ಕಡೆ ಸರಿಸಿದ. ಮತ್ತೆ ಚೂರಿ ಎತ್ತಿಕೊಂಡ. "ತಗೊಂಡು ಹೋಗು ಬಾವ. ಮನೇಲಿಟ್ಕೊ."

ಬಕೆಟ್ಟು ಈಗ ಮೇಜಿನ ಮೇಲಿದೆ. ಅದರ ಮೇಲೆ ಬಟ್ಟೆ ಮುಚ್ಚಿದ್ದೇನೆ. ಅವಳ ಬಟ್ಟಲು ಬರಿದು, ಅದನ್ನು ಬರಿದು ಮಾಡಿದವನು ನಾನು. ಈ ಹೊತ್ತು ಅವಳು ಪರದೆಯ ಹಿಂದಿನಿಂದ ಏನು ಹೇಳುತ್ತಿದ್ದಳು?

ಆಗಸ್ಟ್ 9

ಇಂದಿನದು ಉದ್ದ. ಬರೆಯುವ ಕೈ ನಿಲ್ಲುತ್ತಿಲ್ಲ.

ಥಿಯಾಗೆ ಎಲ್ಲ ಹೇಳಿದೆ. ಅವಳು ಗದರುತ್ತಾಳೆಂದು ಕಾದೆ. ಅವಳು ಕೇಳಿದ್ದು: "ದೊಡ್ಡಪ್ಪ, ನೀನು ಮೇಲಿನ ಇಳಿಜಾರಿಗೆ ಹೋಗಿದ್ಯಾ?"

"ಅಲ್ಲೇನಿದೆ? ಕೊಂಬೆ ರಾಶಿ. ಅಲ್ಲಿ ಹುಲ್ಲೂ ಹುಟ್ಟುವುದಿಲ್ಲವೆಂದು ಬರೆದಿಟ್ಟಿದ್ದೇನೆ."

"ಕಡಿದಾಗಿಂದ ಒಂದು ಸಲಾನೂ ಹತ್ತಿಲ್ಲ ಅಲ್ವಾ?"

ಹತ್ತಿರಲಿಲ್ಲ. ಬರುವುದು, ತೊರೆಯ ಬಳಿ ಕೂರುವುದು, ಹೋಗುವುದು. ಇಷ್ಟೇ.

ಇವತ್ತು ಥಿಯಾ, ಎಲ್‌ವುಡ್, ಅವನ ಕಡೆಯ ಮೂವರು ಹೆಂಗಸರು, ಹಿಂದೆ ನಾನು. ಎಲ್‌ವುಡ್ ಗರಗಸದಿಂದ ರಾಶಿಯ ನಡುವೆ ದಾರಿ ಕೊರೆದ. ಎರಡು ಚಳಿಗಾಲದ ಹಿಮಕ್ಕೆ ರಾಶಿ ಕುಸಿದು ನನ್ನ ಸೊಂಟಕ್ಕೆ ಇಳಿದಿತ್ತು. ಸೂಜಿಗಳೆಲ್ಲ ಉದುರಿ ಬರೀ ಎಲುಬು. ಆ ಎಲುಬಿನ ಸಂದುಗಳಿಂದ...

ನಾನು ಟೋಪಿ ತೆಗೆದೆ.

ಗುಡ್ಡದ ನೆತ್ತಿಯವರೆಗೂ ಬ್ಲೂಬೆರಿ. ತೆಳ್ಳಗಿನ ಕಡ್ಡಿಗಳು, ಎಳೆಯ ಗಿಡಗಳು, ಆದರೆ ಹಣ್ಣಿನ ಭಾರಕ್ಕೆ ಬಾಗಿವೆ. ನಡುವೆ ಕೆಂಪು ಹಣ್ಣಿನವು, ಜರಿಗಿಡ, ನನಗೆ ಹೆಸರು ಗೊತ್ತಿಲ್ಲದವು. ದಾರಿಯುದ್ದಕ್ಕೂ ಜಿಂಕೆ ಮೇಯ್ದ ಗುರುತು.

"ಇವನ್ನು ಯಾರು ನೆಟ್ಟರು?"

"ಯಾರೂ ನೆಟ್ಟಿಲ್ಲ," ಎಂದಳು ಥಿಯಾ. "ಕತ್ತಲಲ್ಲೂ ಇಲ್ಲೇ ಇದ್ವು. ದಾರದಷ್ಟು ಸಣ್ಣಕ್ಕೆ, ನೆಲಕ್ಕಂಟ್ಕೊಂಡು. ಬಗ್ಗಿ ನೋಡಿದೋರಿಗೆ ಮಾತ್ರ ಕಾಣ್ತಿತ್ತು."

ಉಳಿದಿರುವುದು ಅದೊಂದೇ ಪೊದೆ ಎಂದು ನಾನು ಯುದ್ಧ ಸಾರಿದ್ದೆ!

ಹೆಂಗಸರು ಬಕೆಟ್ಟು ಹಿಡಿದು ಇಳಿದರು. ಅಭ್ಯಾಸ, ನನ್ನ ಕೈಯೂ ಮುಂದೆ ಹೋಯಿತು.

"ಬಾವ!"

ಕೈ ಹಿಂದಕ್ಕೆಳೆದುಕೊಂಡೆ. ಎಲ್‌ವುಡ್ ಕಡಿದ ಮರದ ಒಂದು ಮೊಟಕು ಬುಡ ತೋರಿಸಿದ. "ಅಲ್ಲಿ ಕೂತ್ಕೊ. ಕೈ ತೊಡೆ ಮೇಲೆ. ಒಂದು ಹಣ್ಣು ಮುಟ್ಟಿದ್ರೂ ಕಟ್ಟಿಹಾಕ್ತೀನಿ."

ಕೂತೆ. ಅಯ್ಯೋ, ಎಂಥ ಶಿಕ್ಷೆ! ಕಣ್ಣೆದುರು ಹಣ್ಣು ಬಿಡಿಸುವ ಕ್ರಮವೇ ಸರಿಯಿಲ್ಲ. ಸ್ವಲ್ಪ ಹೊತ್ತು ಹಲ್ಲು ಕಚ್ಚಿಕೊಂಡೆ. ತಡೆಯಲಾಗಲಿಲ್ಲ.

"ಎಲೆ ಬೀಳುತ್ತಿದೆ! ಹೆಬ್ಬೆರಳಲ್ಲಿ ಉರುಳಿಸು, ಎಳೆಯಬೇಡ! ಎಡಕ್ಕೆ, ಎಡಕ್ಕೆ! ಆ ಮರದ ಹಿಂದೆ ಒಂದು ರಾಜ್ಯವೇ ಇದೆ, ಯಾರಿಗೂ ಕಾಣುತ್ತಿಲ್ಲವೇ? ಕುರುಡರ ಸೈನ್ಯವೇ ಬಂದಿದೆ ನನಗೆ!"

ದನಿ ಎದುರು ಗುಡ್ಡಕ್ಕೆ ಬಡಿದು ವಾಪಸು ಬಂತು. ಎಲ್ಲರೂ ನಿಂತು ತಿರುಗಿ ನೋಡಿದರು.

"ಬಂದ್ನಪ್ಪ ಹೆರೋದ," ಎಂದಳು ಒಬ್ಬ ಹೆಂಗಸು. "ಎಲ್ಲಿ ಹೋಗಿದ್ದೆ ಇಷ್ಟು ದಿನ?"

ಏನು ಪ್ರಶ್ನೆ ಅದು? ನಾನು ಎಲ್ಲೂ ಹೋಗಿರಲಿಲ್ಲ.

ಬಕೆಟ್ಟುಗಳು ತುಂಬಿದವು, ಅಕ್ಟೋಬರಿನವರೆಗೆ ಅವರ ಫ್ರೀಜರಿಗೆ ಹೋದವು. ಮನೆಗೆ ಬಂದು ಮೇಜಿನ ಮೇಲಿನ ಬಟ್ಟೆ ಸರಿಸಿದೆ. ನಾನು ಬಿಡಿಸಿದ್ದು ಇನ್ನೂ ಕೆಟ್ಟಿರಲಿಲ್ಲ. ಪಕ್ಕದ ಮನೆಗೆ, ಪಾದ್ರಿಗೆ, ಮೀನಿನ ಕಾರ್ಖಾನೆಯ ಆ ಕಡಲಹಕ್ಕಿಗೆ ಕೂಡ ಹಂಚಿಬಿಟ್ಟೆ. ಡಿಸೆಂಬರಿನ ನಾಟಕದ ಮಾತುಗಳನ್ನು ಅವನಿಗೆ ಸ್ವಲ್ಪ ತಿದ್ದಿಕೊಡಬೇಕು, ಮೂಗಿನಿಂದ ಮಾತಾಡುತ್ತಾನೆ.

ಅಕ್ಟೋಬರ್ 14

ಔತಣ ನಿನ್ನೆ ಆಯಿತು.

ಕಾಗೆಯವರು ಒಂದು ಕಡೆ, ನಾವು ಹದ್ದಿನವರು ಎದುರು. ಮೊದಲು ಅವರು ಅತ್ತರು. ಆಮೇಲೆ ನಾವು ಹಾಡಿ ಸಮಾಧಾನ ಮಾಡಿದೆವು. ಬೆಂಕಿಗೆ ಮೀನು, ಸೀಲ್ ಪ್ರಾಣಿಯ ಎಣ್ಣೆ, ಒಂದು ಬೊಗಸೆ ಬ್ಲೂಬೆರಿ. ಚಟಚಟ ಎಂದಿತು.

ಎಲ್‌ವುಡ್ ಬಟ್ಟಲು ಎತ್ತಿ ಹಿಡಿದು ಅವಳ ನಿಜವಾದ ಹೆಸರನ್ನು ಕೂಗಿದ. ಲವೀನಿಯಾ ಅಲ್ಲ, ಅವಳ ಅಜ್ಜಿಯ ಅಜ್ಜಿಯಿಂದ ಬಂದ ಹೆಸರು. ಮೂರು ವರ್ಷದ ಹತ್ತಿರ ಯಾರ ಬಾಯಲ್ಲೂ ಕೇಳಿರಲಿಲ್ಲ. ಬಟ್ಟಲು ನನ್ನ ಮುಂದೆ ಬಂತು.

"ತಿನ್ನು, ಬಾವ."

ತಿಂದೆ. ಹುಳಿ ಮೊದಲು, ಸಿಹಿ ಆಮೇಲೆ. ಎಲ್ಲವನ್ನೂ ತಿಂದೆ.

ನಂತರ ಎಲ್‌ವುಡ್ ಥಿಯಾಳನ್ನು ನಡುವೆ ನಿಲ್ಲಿಸಿ ಅದೇ ಹೆಸರನ್ನು ಅವಳಿಗೆ ಇಟ್ಟ. ನೆರೆದವರೆಲ್ಲ ಆ ಹೆಸರನ್ನು ಹೇಳಿದರು, ಮತ್ತೆ ಮತ್ತೆ. ನಾನೂ ಹೇಳಿದೆ. ಆ ಹುಡುಗಿ ನನ್ನ ಕಡೆ ನೋಡಿದಳು, ಹಲ್ಲೆಲ್ಲ ನೀಲಿ.

ಅತಿಥಿಗಳ ಪರವಾಗಿ ನಾನು ಮಾತಾಡಬೇಕಿತ್ತು. ತಿಂಗಳಿನಿಂದ ಸಿದ್ಧ ಮಾಡಿದ ಭಾಷಣ: ಮೂರು ಅಂಕ, ಎರಡು ಗರ್ಜನೆ, ಒಂದು ಕಣ್ಣೀರಿನ ಜಾಗ. ಎದ್ದು ನಿಂತೆ. ಒಂದಕ್ಷರವೂ ನೆನಪಿಗೆ ಬರಲಿಲ್ಲ. ಅಭ್ಯಾಸಬಲದಿಂದ ಸ್ವಲ್ಪ ತಲೆ ವಾಲಿಸಿ ಕಾದೆ. ಯಾರೂ ಪಿಸುಗುಟ್ಟಲಿಲ್ಲ.

"ಗುನಲ್ಚೀಶ್," ಎಂದೆ. ನಮ್ಮ ಮಾತಿನಲ್ಲಿ ಅದು ಕೃತಜ್ಞತೆ. ಮೆಲ್ಲಗೆ ಹೇಳಿದೆ. ಕೂತೆ.

ಕೊನೆಯ ಬೆಂಚಿನವರಿಗೂ ಕೇಳಿಸಿತಂತೆ.

ಅಕ್ಟೋಬರ್ 21

ಬಿಸಿಲು. ಸುಮ್ಮನೆ ಇಳಿಜಾರಿಗೆ ಹೋಗಿದ್ದೆ. ಒಂದಷ್ಟು ಹೆಮ್ಲಾಕ್ ಶಿಶುಗಳನ್ನು ಕಿತ್ತೆ, ಥಿಯಾಳ ಚೌಕ ಬಿಟ್ಟು. ಸೊಂಟ ನೋವು.

ಮೇಲಿನ ಇಳಿಜಾರಿನಲ್ಲಿ ಎರಡು ಸ್ಪ್ರೂಸ್ ಮರ ಒಂದರ ಮೇಲೊಂದು ಒರಗಿ ಬೆಳೆಯುತ್ತಿವೆ. ಅವುಗಳಡಿಯ ಗಿಡಗಳಿಗೆ ಬೆಳಕೇ ಇಲ್ಲ. ಬರುವಾಗ ಎಲ್‌ವುಡ್ ಮನೆಯ ಬಾಗಿಲು ತಟ್ಟಿ, "ಏನಯ್ಯ, ಇದೇನಾ ನಿನ್ನ ಕೆಲಸದ ಅಂದ? ನಾಳೆ ಗರಗಸ ತಗೊಂಡು ಬಾ, ಎರಡು ಮರ ಬಿಟ್ಟುಹೋಗಿದೆ," ಎಂದು ಬೈದೆ.

ಅವನು ಬಾಗಿಲಿಗೆ ಒರಗಿಕೊಂಡು ನನ್ನನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಒಳಗಿದ್ದ ಹೆಂಡತಿಯನ್ನೂ ಕರೆದು, ನಾನು ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿದ.

ಅದರಲ್ಲಿ ನಗುವಂಥದ್ದೇನಿತ್ತೋ ತಿಳಿಯಲಿಲ್ಲ. ಬೆಳಿಗ್ಗೆ ಬೇಗ ಏಳಬೇಕು.